ತಗ್ಗಿದ ದನಿ

ಮಾವಳ್ಳಿಯಿಂದ ಓದಲು ಡಬ್ಲಿನ್ನಿಗೆ ಹೋದ ಸುಷ್ಮಾಳಿಗೆ, ಅಲ್ಲಿ ನಾಲ್ಕು ವರ್ಷ ಪಳಗಿದ್ದ ಹೊಳನಗದ್ದೆಯ ಜಗದೀಶ ಬುದ್ಧಿ ಹೇಳಿದ: "ದೋಣಿಯಿಂದ ಕೂಗ್ದಾಂಗೆ ಮಾತಾಡ್ಬೇಡ ಮಾರಾಯ್ತಿ. ಇಲ್ಲಿ ಎಲ್ಲರೂ ಮೆಲ್ಲಗೆ."

ಅಂದಿನಿಂದ ಅವಳು ಮನೆಗೆ ಫೋನು ಮಾಡುವಾಗಲೂ ದನಿ ತಗ್ಗಿಸಿದಳು. ವಾರ ಕಳೆಯುವಷ್ಟರಲ್ಲಿ, ಮೀನು ಮಾರುವ ತಾಯಿ ಗಂಗೆ ಅಳತೊಡಗಿದಳು. "ಎಂತ ಆತೇ ನಿಂಗೆ? ದನಿಯಲ್ಲಿ ಜೀವನೇ ಇಲ್ಲ! ಓದಿದ್ದು ಸಾಕು, ವಾಪಸ್ ಬಾ."

ಓದು ಕೈತಪ್ಪುವುದೆಂದು ಹೆದರಿದ ಸುಷ್ಮಾ, ಬಸ್ಸಿನಲ್ಲಿರುವುದನ್ನೂ ಮರೆತು ಕೂಗಿದಳು: "ಅಮ್ಮಾ, ನಂಗೆ ಎಂತದೂ ಆಗ್ಲಿಲ್ಲ! ನಾ ಬರೂದಿಲ್ಲ!"

ಇಡೀ ಬಸ್ಸು ತಿರುಗಿ ನೋಡಿತು. ಪಕ್ಕದಲ್ಲಿದ್ದ ಜಗದೀಶ ಪರಿಚಯವೇ ಇಲ್ಲದವನಂತೆ ಕಿಟಕಿಯತ್ತ ಹೊರಳಿದ.

ಗಂಗೆ ಮೂಗೊರೆಸಿಕೊಂಡಳು. "ಬೆಳಿಗ್ಗೆಯಷ್ಟೇ ಮಾಸ್ತಿಯಮ್ಮಂಗೆ ಹರಕೆ ಹೊತ್ತಿದ್ದೆ, ಕಾಣು. ಎಷ್ಟ್ ಬೇಗ ಗುಣ ಆತು! ಇನ್ನು ಓದು ಮಗಾ."