ನಾಗವ್ವನ ಬಾಗಿಲಿನ ನಂಬರ್

ಏನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಸ್ಫೂರ್ತಿಯದು ಒಂದೇ ಉತ್ತರ: "ಕಳ್ಳರು ಮಾಡೋದನ್ನ ಅವರಿಗಿಂತ ಮೊದಲ ನಾನು ಮಾಡ್ತೀನ್ರಿ, ಮಾಲೀಕರ ಒಪ್ಪಿಗಿ ತಗೊಂಡು." ಆ್ಯಪ್‌ಗಳಿಗೆ ಕನ್ನ ಹಾಕಿ, ಎಲ್ಲಿ ಸಡಿಲವಿದೆ ಎಂದು ಕಟ್ಟಿದವರಿಗೇ ತೋರಿಸಿಕೊಡುವ ಕಸುಬು. ಧಾರವಾಡದ ಹೆಣ್ಣುಮಗಳು. ಲಂಡನ್ನಿನ ಕ್ರೋಯ್ಡನ್‌ನ ದೊಡ್ಡ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿ, ಈಗ ಸ್ವಂತ ಬೋರ್ಡು ಹಾಕಿಕೊಂಡಿದ್ದಳು. ಅದೇ ಊರಿನ ಗ್ರೀನ್‌ಫರ್ಡ್‌ನ ಈ ಕೆಲಸ ಅವಳ ಮೊದಲನೆಯದು. ಇಲ್ಲಿ ಅವಳ ಮಾತಿಗೆ ಬೆಲೆ ಬಂದರೆ ಇನ್ನೂ ನಾಲ್ಕು ಕಡೆ ಕರೆಯುತ್ತಾರೆ, ಬರದಿದ್ದರೆ ಮತ್ತೆ ಬೇರೆಯವರ ಕೈಕೆಳಗೆ. ಬರದೇ ಹೋಗಬಹುದು ಎಂಬ ಯೋಚನೆ ಅವಳ ತಲೆಯಲ್ಲಿ ಸುಳಿದಿರಲೂ ಇಲ್ಲ. ಅಷ್ಟು ಧೈರ್ಯವಿಲ್ಲದವರು ಈ ಕಸುಬಿಗೆ ಬರುವುದೇ ಬೇಡ ಬಿಡಿ.

ಕೆಲಸ ಕೊಟ್ಟವರು ಉದಯಶಂಕರ್, ಬೆಂಗಳೂರಿನವರು. ಸಾಲು ಗೋದಾಮುಗಳ ನಡುವಿನ ಕಟ್ಟಡದಲ್ಲಿ ಅವರ ಆಫೀಸು. ಹಾಸಿಗೆ ಹಿಡಿದವರ, ಕಾಲು ಬಾರದವರ ಮನೆಗೆ ಹೋಗಿ ಸ್ನಾನ, ಊಟ, ಮಾತ್ರೆ ನೋಡಿಕೊಳ್ಳುವ ಕೇರರ್‌ಗಳಿಗಾಗಿ ಅವರು ಒಂದು ಆ್ಯಪ್ ಮಾಡಿಸಿದ್ದರು; ಕೊಳ್ಳುವವರು ಅಲ್ಲಿನ ನಗರಸಭೆ, ಅಂದರೆ ಕೌನ್ಸಿಲ್. ಏಳಲಾಗದವರು ಬಾಗಿಲು ತೆಗೆಯುವುದು ಹೇಗೆ? ಅದಕ್ಕೆಂದೇ ಅಂಥ ಮನೆಗಳ ಬಾಗಿಲ ಪಕ್ಕದ ಗೋಡೆಯಲ್ಲಿ ಕೀ ಸೇಫ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ನಂಬರ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ, ಒಳಗೆ ಮನೆಯ ಕೀಲಿಕೈ. ಆ ನಂಬರು ಆ್ಯಪ್‌ನಲ್ಲಿ ಕೇರರ್‌ಗೆ ಮತ್ತು ಮನೆಯವರಿಗೆ ಕಾಣಬೇಕು, ಮೂರನೆಯವರಿಗೆ ಕಾಣಲೇಬಾರದು.

ಹಿಂದಿನ ವಾರ ಸ್ಫೂರ್ತಿಗೆ ಅದು ಸಲೀಸಾಗಿ ಕಂಡುಬಿಟ್ಟಿತ್ತು. ಫೋನಿಗೂ ಸರ್ವರ್‌ಗೂ ನಡುವೆ ಅವಳು ತನ್ನ ಲ್ಯಾಪ್‌ಟಾಪನ್ನು ಕೂರಿಸುತ್ತಾಳೆ. ಹೋಗುವ ಬರುವ ಸಂದೇಶವೆಲ್ಲ ಅದರ ಕೈ ದಾಟಿಯೇ ಹೋಗಬೇಕು. ಇಂಥದ್ದು ಕಂಡರೆ ಅಳಿಸಿ ಇಂಥದ್ದು ಬರೆ ಎಂದು ಅದಕ್ಕೊಂದು ನಿಯಮ ಕೊಟ್ಟರೆ ಆಯಿತು, ನಿಲ್ಲಿಸು ಎನ್ನುವವರೆಗೂ ಅದು ತುಟಿ ಪಿಟಕ್ಕೆನ್ನದೆ ತಿದ್ದುತ್ತಲೇ ಇರುತ್ತದೆ. ಆ್ಯಪ್ ತನ್ನ ಮನೆಯ ಪುಟ ಕೇಳಿದರೆ, ದಾರಿಯಲ್ಲಿ ಮನೆಯ ಗುರುತು ಬದಲಾಗಿ ಇನ್ನೊಬ್ಬರ ಮನೆಯ ಪುಟ ಕೇಳಿದಂತಾಗುತ್ತದೆ. ಮರ್ಯಾದಸ್ಥ ಸರ್ವರ್ ಆದರೆ ನೀನು ಯಾರು ಕೇಳುವುದಕ್ಕೆ ಎಂದು ಗದರಿಸಬೇಕು. ಈ ಪುಣ್ಯಾತ್ಮ ಕೇಳಿದವರಿಗೆಲ್ಲ ಬಾಗಿಲಿನ ನಂಬರು ಹಂಚಿತ್ತು.

ಆ ಭಾಗ ಬರೆದವನು ವಿಜಯಪುರದ ರುದ್ರೇಶ. ವಾರವಿಡೀ ಕೂತು ತಿದ್ದಿ, ಈ ಶುಕ್ರವಾರ ಎದೆಯುಬ್ಬಿಸಿಕೊಂಡು ಬಂದಿದ್ದ. ಜೊತೆಗೆ ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

"ಅಕ್ಕಾ, ಅವ್ವ ನಿಮಗಂತ ಕಳಿಸ್ಯಾಳ. ಇವತ್ತ ಟೆಸ್ಟಿನ ಸುಳ್ಳ ಮನಿ ಬ್ಯಾಡ್ರಿ. ಅವ್ವನ ಮನೀ ಮ್ಯಾಲೇ ಹಚ್ಚಿ ನೋಡ್ರಿ. ಟ್ರಯಲ್‌ಗೆ ಅಂತ ಮೊದಲ ಆಕಿ ಮನೀನ ಹಾಕೀನಿ ಇದರಾಗ. ಅಷ್ಟು ಗ್ಯಾರಂಟಿ ಐತಿ ನನಗ."

ಅವ್ವ ಎಂದರೆ ನಾಗವ್ವ. ಸೊಂಟದ ಆಪರೇಷನ್ ಆಗಿ, ಅಲ್ಲೇ ಹತ್ತಿರದ ನೆಲಮಹಡಿಯ ಫ್ಲ್ಯಾಟಿನಲ್ಲಿ ಮಗನ ಜೊತೆ ಇದ್ದಳು. ಮಗ ಆಫೀಸಿಗೆ ಹೋದ ಮೇಲೆ ಕೇರರ್ ಬಂದು ಹೋಗುತ್ತಿದ್ದಳು. ರೊಟ್ಟಿ ಮಾತ್ರ ಕುರ್ಚಿಯ ಮೇಲೆ ಕೂತಾದರೂ ತಾನೇ ಬಡಿಯಬೇಕು ಎಂಬ ಹಟ ಅವಳದು.

"ಬೇಗ ಆಗ್ಲಿ ಸ್ಫೂರ್ತಿ ಅವ್ರೇ," ಎಂದರು ಉದಯಶಂಕರ್. "ಸೋಮವಾರ ಎಲ್ಲಾ ಮನೆಗಳೂ ಆನ್ ಆಗ್ಬೇಕು. ಕೌನ್ಸಿಲ್‌ನವರು ನನ್ನ ಫೋನ್‌ಗೇ ಕಾಯ್ತಿದಾರೆ."

ಸ್ಫೂರ್ತಿಗೆ ಒಂದು ರೂಢಿಯಿತ್ತು. ಮೊದಲು ಮನೆಯವರಾಗಿ ಒಳಗೆ ಹೋಗಿ ನೋಡುವುದು, ಆಮೇಲೆ ಕಳ್ಳರಾಗಿ. ಅಂದು ರೊಟ್ಟಿಯ ಘಮಕ್ಕೋ, ಹುಡುಗನ ಹುರುಪಿಗೋ, ಮೊದಲನೆಯದನ್ನು ಬಿಟ್ಟುಬಿಟ್ಟಳು. ನೇರವಾಗಿ ಕಳ್ಳಿಯಾದಳು. ಟೆಸ್ಟಿನ ಇನ್ನೊಂದು ಮನೆಯವರ ಹೆಸರಿನಲ್ಲಿ ಆ್ಯಪ್ ತೆರೆದು, ನಿಯಮದಲ್ಲಿ ನಾಗವ್ವನ ಮನೆಯ ಗುರುತು ಹಾಕಿ ಒತ್ತಿದಳು. ಫೋನಿನ ಮೇಲೆ ಕೆಂಪಕ್ಷರ ಮೂಡಿತು: ಅನುಮತಿ ಇಲ್ಲ. ಇನ್ನೊಮ್ಮೆ ಒತ್ತಿದಳು. ಅನುಮತಿ ಇಲ್ಲ.

"ಪಾಸ್!" ಎಂದಳು, ಕೋಣೆಗೆಲ್ಲ ಕೇಳುವಂತೆ.

ಉದಯಶಂಕರ್ ಚಪ್ಪಾಳೆ ತಟ್ಟಿ, ಫೋನ್ ಹಿಡಿದು ಕಾರಿಡಾರಿಗೆ ನಡೆದರು. ರುದ್ರೇಶನ ಮುಖ ನೋಡುವಂತಿತ್ತು. ಅವ್ವ ಮಾತ್ರೆ ತಗೊಂಡಳೋ ಇಲ್ಲವೋ ನೋಡೋಣ ಎಂದು ಮೇಜಿನ ಮೇಲಿದ್ದ, ಸ್ಫೂರ್ತಿ ಆಗಷ್ಟೇ ಒತ್ತಿದ್ದ ಫೋನಿನಲ್ಲಿ ತನ್ನ ಹೆಸರು ಹಾಕಿ ಒಳಗೆ ಹೋದ.

"ಅಯ್ಯ, ನನಗೂ ಅನುಮತಿ ಇಲ್ಲ ಅನ್ನಾಕತ್ತೈತಲ್ಲ," ಎಂದು ನಕ್ಕ. "ನೆಟ್‌ವರ್ಕ್ ಏನೋ ಕಿರಿಕಿರಿ ಮಾಡಾಕತ್ತೈತಿ."

ಆಗತಾನೇ ಮುರಿದುಕೊಂಡಿದ್ದ ರೊಟ್ಟಿಯನ್ನು ಸ್ಫೂರ್ತಿ ಡಬ್ಬಿಗೇ ಹಾಕಿದಳು. ಮಗನಿಗೇ ತೆರೆಯದ ಬಾಗಿಲು ಕಳ್ಳಿಗೆ ತೆರೆಯಲಿಲ್ಲ ಎಂದರೆ ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು? ಲ್ಯಾಪ್‌ಟಾಪಿನತ್ತ ತಿರುಗಿದಳು. ಬೆಳಿಗ್ಗೆ ಮನೆಯಲ್ಲಿ ಬೇರೊಂದು ಪರೀಕ್ಷೆಗೆಂದು ಅವಳೇ ಬರೆದಿದ್ದ ನಿಯಮ ಇನ್ನೂ ಓಡುತ್ತಿತ್ತು. ಕೇಳುತ್ತಿರುವವರು ಯಾರು ಎಂಬ ಗುರುತನ್ನು ಪ್ರತಿ ಸಂದೇಶದಿಂದಲೂ ಕಿತ್ತುಹಾಕುವ ನಿಯಮ. ಗುರುತಿಲ್ಲದವರನ್ನು ಸರ್ವರ್ ಹೊರಗೆ ಅಟ್ಟಿತ್ತು, ಅಷ್ಟೇ. ರುದ್ರೇಶನ ತಿದ್ದುಪಡಿಗೆ ಇನ್ನೂ ಪರೀಕ್ಷೆಯೇ ಆಗಿರಲಿಲ್ಲ.

ಕಾರಿಡಾರಿನಿಂದ ಉದಯಶಂಕರ್ ದನಿ ಕೇಳುತ್ತಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ನಾಳೆ ಮನೆಯಲ್ಲಿ ಕೂತು ಸದ್ದಿಲ್ಲದೆ ಮತ್ತೆ ನೋಡಬಹುದು, ಸರಿಯಿದ್ದರೆ ಮರ್ಯಾದೆ ಉಳಿಯಿತು. ಈ ಲೆಕ್ಕ ಅವಳ ತಲೆಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಎದ್ದು ಹೋಗಿ ಬಾಗಿಲು ದೂಡಿದಳು.

"ಸರ್, ಫೋನ್ ಇಡ್ರಿ. ನಾ ಪಾಸ್ ಅಂದದ್ದು ತಪ್ಪು."

ಎಲ್ಲರ ಎದುರಿಗೇ ಬೆಳಗಿನ ಆ ನಿಯಮವನ್ನು ತೆಗೆದುಹಾಕಿದಳು. ಮೊದಲು ರುದ್ರೇಶ ಒಳಗೆ ಹೋದ. ಅವ್ವನ ಪುಟ ತೆರೆಯಿತು, ಮಾತ್ರೆ ತಗೊಂಡಿದ್ದಳು. ಆಮೇಲೆ ಸ್ಫೂರ್ತಿ ಕಳ್ಳಿಯಾಗಿ ಹೋದಳು. ಪುಟ ಅವಳಿಗೂ ತೆರೆಯಿತು. ನಾಗವ್ವನ ಹೆಸರು, ವಿಳಾಸ, ಕೆಳಗೆ ದಪ್ಪ ಅಕ್ಷರದಲ್ಲಿ ಕೀ ಸೇಫ್‌ನ ನಂಬರು.

ರುದ್ರೇಶ ತಾನು ತಿದ್ದಿದ್ದ ಭಾಗವನ್ನು ತೆರೆದು ನೋಡಿದ. "ಕೇರರ್‌ಗಳ ಕಡೆ ಬಿಗಿ ಮಾಡೀನಿ ಅಕ್ಕಾ. ಮನಿಯವರ ಕಡೆ ಬಿಟ್ಟೇ ಬಿಟ್ಟೀನಿ," ಎಂದ. ಹೆತ್ತ ತಾಯಿಯ ಮನೆಯ ನಂಬರನ್ನು ಇಷ್ಟು ದಿನ ತಾನೇ ಬೀದಿಗೆ ಹಾಕಿದ್ದೆ ಎಂಬುದು ಅರ್ಥವಾಗಿ ಅವನ ಕಣ್ಣು ತುಂಬಿತು.

ಉದಯಶಂಕರ್ ಕುರ್ಚಿ ಎಳೆದುಕೊಂಡು ಕೂತರು. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಸೋಮವಾರದ್ದು ಕ್ಯಾನ್ಸಲ್ ಮಾಡ್ತೀನಿ. ಅದು ಬಿಡಿ. ಐದು ನಿಮಿಷದ ಹಿಂದೆ ಪಾಸ್ ಅಂದ್ರಿ, ಈಗ ಇಲ್ಲ ಅಂತೀರ. ಮುಂದಿನ ಸಲ ನಿಮ್ಮ ಮಾತನ್ನ ನಾನು ಹೆಂಗ್ರೀ ನಂಬ್ಲಿ?"

"ನಂಬ್ರಿ ಅಂತ ನಾ ಹೇಳಂಗಿಲ್ಲ ಸರ್," ಎಂದಳು ಸ್ಫೂರ್ತಿ. "ಮುಂದಿನ ಸಲಾನೂ ನಾನೇ ಬರ್ತೀನಿ, ನಿಮ್ಮೆದುರಿಗೇ ಮಾಡ್ತೀನಿ. ಬ್ಯಾಡ ಅಂದ್ರ ಬ್ಯಾರೆಯವ್ರನ್ನ ಕರೀರಿ."

ಅಷ್ಟರಲ್ಲಿ ರುದ್ರೇಶ ಅವ್ವನಿಗೆ ಫೋನ್ ಹಚ್ಚಿದ್ದ. ನಾಗವ್ವನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಸ್ಪೀಕರ್ ಹಾಕದೆಯೂ ಅವಳ ದನಿ ಕೋಣೆ ತುಂಬಿತು.

"ಅವ್ವಾ, ನಾ ಈಗ ಬಂದು ಪೆಟಗೀ ನಂಬರ ಬದಲ ಮಾಡ್ತೀನಿ. ಹೊರಗಿನವ್ರಿಗೆ ಕಾಣಂಗ ಆಗಿತ್ತು."

"ಯಾರ ನೋಡ್ಯಾರೋ?"

"ನೀ ರೊಟ್ಟಿ ಕಳಿಸಿದ್ಯಲ್ಲ, ಆ ಅಕ್ಕಾರು. ಚೊಲೋ ಐತಿ ಅಂತ ಮೊದಲ ಅವ್ರೇ ಹೇಳಿದ್ರು. ಆಮ್ಯಾಲೆ ತಪ್ಪಾತು ಅಂತನೂ ತಾವೇ ಹೇಳಿದ್ರು, ಸಾಹೇಬ್ರ ಮುಂದ."

"ಹಂಗಾರ ನಂಬರ ನಾಳೆ ಬದಲ ಮಾಡು," ಎಂದಳು ನಾಗವ್ವ. "ಇವತ್ತ ಊಟಕ್ಕ ಆಕೀನ್ನ ಕಳಸು. ನನಗ ಏಳಾಕ ಆಗಂಗಿಲ್ಲ, ತಾನೇ ಬಾಗಲಾ ತಗದು ಒಳಗ ಬರ್ಲಿ."