ಪಕ್ಕದ ಸೀಟು

ಅಣ್ಣನ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು ಅವಳೇ. ಊರೆಲ್ಲ ಸ್ಟೇರಿಂಗ್ ಹಿಡಿಯಲು ಕಲಿತರೂ ಅವಳಿಗೆ ಮಾತ್ರ ಪಕ್ಕದ ಸೀಟೇ ಗತಿ. ಕಲಿಯುವವರು ಎಡವಟ್ಟು ಮಾಡಿದರೆ ತುಳಿಯಲು ಅಲ್ಲೂ ಒಂದು ಬ್ರೇಕಿತ್ತು. ಈ ಅಭ್ಯಾಸ ಎಷ್ಟು ಅಂಟಿತ್ತೆಂದರೆ, ಬಸ್ಸಿನಲ್ಲಿ ಕೂತಾಗಲೂ ಎದುರಿಗೆ ಯಾರಾದರೂ ಅಡ್ಡ ಬಂದರೆ ಅವಳ ಕಾಲು ಬರೀ ನೆಲವನ್ನೇ ತುಳಿಯುತ್ತಿತ್ತು.

ಈಚೆಗೆ ದಿನಾ ಬೆಳಿಗ್ಗೆ ಕಾರಿನ ಕನ್ನಡಿ ಒರೆಸುತ್ತಾ ತನ್ನನ್ನೇ ಕೇಳಿಕೊಳ್ಳತೊಡಗಿದ್ದಳು: "ನಿಂಗೇನೇ ಬೇಕು?" ಅಮ್ಮನಿಗೆ ಕನ್ನಡಕ, ಮಗಳಿಗೆ ಶೂ ಎಂದು ಮನಸ್ಸು ಒದರುತ್ತಿತ್ತು. "ಅವರದ್ದು ಯಾರು ಕೇಳಿದ್ರು? ನಿಂದು ಬೊಗಳು!" ಎಂದು ಕನ್ನಡಿಯೊಳಗಿನವಳನ್ನು ಗದರುತ್ತಿದ್ದಳು.

ಇವತ್ತು ಕೊನೆಗೂ ಉತ್ತರ ಬಂತು. ಸಮುದ್ರ.

ಸ್ಕೂಲಿಗೆ ರಜೆ. ಆದರೂ ಕಾರು ತೊಳೆಯಲೆಂದು ಕರೆಸಿದ್ದ ಅಣ್ಣನ ಎದುರೇ ಬಕೆಟ್ಟು ಕುಕ್ಕಿ, ಸ್ಟೇರಿಂಗ್ ಮುಂದೆ ಹೋಗಿ ಕೂತಳು.

"ಸಮುದ್ರ ನೋಡ್ಕೊಂಡು ಬರ್ತೀನಿ."

"ಒಬ್ಳೇನಾ? ತಲೆ ಕೆಟ್ಟಿದ್ಯಾ ನಿಂಗೆ? ತಡಿ, ನಾನೂ ಬರ್ತೀನಿ," ಎಂದು ಅಣ್ಣ ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದ.

ಅವಳು ಒಳಗಿಂದ ಲಾಕ್ ಒತ್ತಿದಳು.

"ಬೇಡಣ್ಣ. ಆ ಸೀಟಲ್ಲಿ ಬ್ರೇಕಿದೆ."