ಮಗ್ಗದ ಮನೆಯ ಗಾಳಿ

"ಥಂಡಿಗೆ ಅಂಜಬ್ಯಾಡ್ರಿ, ಮುಚ್ಚಿದ ಬಾಗಲಕ್ಕ ಅಂಜ್ರಿ. ಥಂಡಿ ಅಂದ್ರ ಬೀಗರಿದ್ದಂಗ. ಬರ್ತೈತಿ, ನಾಕು ದಿನ ಕಾಡತೈತಿ, ತನ್ನ ಪಾಡಿಗೆ ಹೋಗತೈತಿ. ಮುಚ್ಚಿದ ಮನ್ಯಾಗಿನ ಗಾಳಿ ಹಂಗಲ್ಲ, ಅದು ನಿಂತ ನೀರು. ನಿನ್ನಿ ಒಬ್ಬಾಂವ ಕೆಮ್ಮಿ ಬಿಟ್ಟಿದ್ದನ್ನ ಇವತ್ತ ಇನ್ನೊಬ್ಬಾಂವ ಒಳಗ ಎಳಕೊಳ್ಳೂದು, ಇವತ್ತಿಂದ ನಾಳಿ ಮತ್ತೊಬ್ಬಾಂವ. ಎಂಜಲ ತಾಟಿನ್ಯಾಗ ಉಣ್ಣಂದ್ರ ಯಾರರೆ ಉಣ್ತೀರೇನು? ಎಂಜಲ ಉಸರು ಮಾತ್ರ ನಡೀತೈತಿ ನಿಮಗ. ಏಳ್ರಿ. ಹಾಸಗಿ ಬಿಸಲಿಗೆ ಹೋಗ್ಲಿ, ಕಸ ತಿಪ್ಪಿಗೆ ಹೋಗ್ಲಿ, ಗಾಳಿ ಒಳಗ ಬರ್ಲಿ. ಆಮ್ಯಾಲ ಚಾ."

ಚಳಿಗಾಲ ಕಾಲಿಟ್ಟ ಮೊದಲ ಮುಂಜಾನೆ, ಬೆಟಗೇರಿಯ ನಮ್ಮ ಓಣಿಗೆಲ್ಲ ಕೇಳುವಂತೆ ಗೌಸಬಿ ತನ್ನ ಮನೆಯ ನಡುವೆ ನಿಂತು ಆಡುತ್ತಿದ್ದ ಮಾತು ಇದು. ವರುಷ ವರುಷವೂ ಅದೇ ಮಾತು, ಅದೇ ಏರಿಳಿತ. ಮನೆಯೊಳಗೆ ಅವರದು ಉರ್ದು, ಓಣಿಯಲ್ಲಿ ಕನ್ನಡ. ಆದರೆ ಕಸ, ಧೂಳು, ಕೆಮ್ಮುಗಳ ಜೊತೆಗಿನ ಆಕೆಯ ಜಗಳ ಮಾತ್ರ ಎಲ್ಲಿದ್ದರೂ ಕನ್ನಡದಲ್ಲೇ ನಡೆಯುತ್ತಿತ್ತು. ಕಸಕ್ಕೆ ಉರ್ದು ಬರುವುದಿಲ್ಲವೆಂದು ಗಂಡ ನಜೀರಸಾಬ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು, ತನ್ನಷ್ಟಕ್ಕೇ ನಗುತ್ತಿದ್ದ.

ಗೌಸಬಿ ಗಿಡ್ಡ ಹೆಂಗಸು. ಮದುವೆಯಾಗಿ ಬಂದಂದಿನಿಂದ ಮಗ್ಗಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲೇ ಓಡಾಡಿದ ದೇಹವಾದ್ದರಿಂದ, ಬಯಲಿನಲ್ಲಿ ನಡೆಯುವಾಗಲೂ ಎಡಭುಜ ಮುಂದೆ ಮಾಡಿ, ಕಾಣದ ಗೋಡೆಯೊಂದನ್ನು ಸವರಿಕೊಂಡು ಹೋಗುವವಳಂತೆ ಓರೆಯಾಗಿ ನಡೆಯುತ್ತಿದ್ದಳು. ಚಳಿ ಬಿತ್ತೆಂದರೆ ಸೀರೆಯ ಮೇಲೆ ಗಂಡನ ಹಳೆಯ ಉಣ್ಣೆಯ ಕೋಟು ಏರುತ್ತಿತ್ತು. ತೋಳು ಉದ್ದವೆಂದು ಮೊಣಕೈವರೆಗೆ ಮಡಚಿ, ಮಡಿಕೆ ಬಿಚ್ಚದಂತೆ ನೂಲು ಹಾಕಿ ಹೊಲಿದಿದ್ದಳು. ಆ ಕೋಟು ತೊಟ್ಟು ನಿಂತರೆ ಆಕೆಯ ಕೈಯ ಕಸಬರಿಗೆಯೂ ಫೌಜದಾರನ ಬೆತ್ತದ ಹಾಗೆ ಕಾಣುತ್ತಿತ್ತು. ನೆಲ ಸಾರಿಸುವುದು ಸೂರ್ಯ ನೆತ್ತಿಗೆ ಬಂದ ಮೇಲೆಯೇ. ಸಂಜೆಯೊಳಗೆ ಒಣಗದ ನೆಲ ಮಕ್ಕಳ ಎದೆಗೆ ಏರುತ್ತದೆಂಬುದು ಆಕೆಯ ನಂಬಿಕೆ. ಗುರುವಾರದ ಲೋಬಾನದ ಹೊಗೆಯನ್ನು ಸಹ ಬಾಗಿಲು ಹಾರುಹೊಡೆದೇ ಹಾಕುತ್ತಿದ್ದಳು. ಮುಚ್ಚಿದ ಮನೆಗೆ ಪೀರರಾದರೂ ಎಲ್ಲಿಂದ ಬಂದಾರು ಎಂದು ಕೇಳುತ್ತಿದ್ದಳು. ಓಣಿಯ ಕಳಕವ್ವ, ಗೌಸಬಿಯ ಮನೆಯಲ್ಲಿ ಇರುವೆಯೂ ಕಾಲು ತೊಳೆದು ಒಳಗೆ ಹೋಗುತ್ತದೆಂದು ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳುತ್ತಲೇ, ತನ್ನ ಮೊಮ್ಮಕ್ಕಳಿಗೆ ನೆಗಡಿಯಾದರೆ ಮೊದಲು ಅಲ್ಲಿಗೇ ಓಡುತ್ತಿದ್ದಳು.

ಇಷ್ಟೆಲ್ಲ ನೇಕಾರರ ಮನೆಯಲ್ಲಿ ನಡೆಯುವುದು ಸಣ್ಣ ಮಾತಲ್ಲ. ನಮ್ಮ ಕಡೆಯ ಚಳಿಗಾಲದ ಗಾಳಿ ಒಣಗಾಳಿ. ಅದು ಒಳಗೆ ಹೊಕ್ಕರೆ ಮಗ್ಗದ ಮೇಲಿನ ಹಾಸಿನ ಎಳೆಗಳು ಬಿರುಸಾಗಿ ಪಟಪಟನೆ ಹರಿಯುತ್ತವೆ. ಆದ್ದರಿಂದ ನೇಕಾರ ಈ ದಿನಗಳಲ್ಲಿ ಬಾಗಿಲು ಮುಂದೆ ಮಾಡಿ, ಕಿಟಕಿ ಬಿಗಿದು, ಮಗ್ಗದ ಸುತ್ತ ನೀರು ಚಿಮುಕಿಸಿ, ಮನೆಯನ್ನು ತೇವವಾಗಿಟ್ಟುಕೊಂಡು ನೇಯುತ್ತಾನೆ. ಎಳೆಗೆ ಹಿತವಾದದ್ದು ಎದೆಗೆ ಹಿತವಲ್ಲ. ಗಂಜಿಯ ಹುಳಿವಾಸನೆ, ನೂಲಿನ ತುಪ್ಪಳ, ಒಲೆಯ ಹೊಗೆ ಎಲ್ಲವೂ ಆ ತೇವದಲ್ಲಿ ಕೂಡಿ ಮನೆಮಂದಿಯ ಉಸಿರಿನಲ್ಲೇ ಸುತ್ತುತ್ತಿರುತ್ತವೆ. ಹೀಗಾಗಿ ಗಂಡಹೆಂಡಿರ ನಡುವೆ ಹಳೆಯದೊಂದು ಕರಾರು ಇತ್ತು: ಲಾಳಿ ಓಡುವ ಮೊದಲು ಕಿಟಕಿ ಗೌಸಬಿಯದು, ಓಡಿದ ಮೇಲೆ ನಜೀರಸಾಬನದು.

ಆ ಕರಾರು ಮುರಿದದ್ದು ಎಪ್ಪತ್ತೆಂಟನೆಯ ಇಸವಿಯ ಚಳಿಯಲ್ಲಿ, ಸೊಸೆ ಶಮಶಾದಬಿಯ ಬಾಣಂತನದಲ್ಲಿ. ಶಮಶಾದಬಿಯ ಮೊದಲ ಹೆರಿಗೆ ತವರಾದ ಲಕ್ಷ್ಮೇಶ್ವರದಲ್ಲಿ ಆಗಿತ್ತು. ಅದೂ ಚಳಿಗಾಲವೇ. ಗಾಳಿ ಸೋಕಬಾರದೆಂದು ತಾಯಿ ಸುಗ್ರಾಬಿ ಕೋಣೆಯ ಸಂದುಸಂದಿಗೂ ಅರಿವೆ ತುರುಕಿ, ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡದ ಶಗಡಿ ಇಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಆದರೂ ಕೂಸಿನ ಎದೆ ಕಟ್ಟಿತು, ಉಳಿಯಲಿಲ್ಲ. ಏಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಎರಡನೆಯದಕ್ಕೆ ಗೌಸಬಿ ಸೊಸೆಯನ್ನು ತನ್ನಲ್ಲೇ ಇಟ್ಟುಕೊಂಡಳು. ಹೆರಿಗೆಯಾದ ಸುದ್ದಿ ಕೇಳಿ ಸುಗ್ರಾಬಿಯೇ ಬೆಟಗೇರಿಗೆ ಬಂದಳು. ಬಂದವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ ಗೌಸಬಿ ಬಿಸಿನೀರಿನ ತಂಬಿಗೆ ಮುಂದೆ ಮಾಡಿದಳು.

"ನಾ ಏನ ಹೊಲಸಿನ್ಯಾಗಿಂದ ಬಂದೀನೇನು?" ಎಂದಳು ಸುಗ್ರಾಬಿ.

"ಬಸ್ಸಿನ್ಯಾಗಿಂದ ಬಂದಿ, ಬೀಗತಿ. ಕೈಕಾಲ ತೊಳಿ. ಆಮ್ಯಾಲ ಕೂಸು, ಆಮ್ಯಾಲ ಚಾ."

ಗಂಡು ಕೂಸು. ಒಳಕೋಣೆಗೆ ಕಿಟಕಿಯಿರಲಿಲ್ಲ, ಅದರ ಗಾಳಿಯೆಲ್ಲ ಮಗ್ಗದ ಕೋಣೆಯ ಕಿಟಕಿಯಿಂದಲೇ ಬರಬೇಕು. ಆ ವರುಷ ಮಗ್ಗದ ಮೇಲೆ ಗಿರಾಕಿಯೊಬ್ಬರ ಮದುವೆಯ ಸೀರೆ ಇತ್ತು. ಮುಹೂರ್ತ ಹತ್ತಿರವಾದ್ದರಿಂದ ನಜೀರಸಾಬ ಬೆಳಕು ಹರಿಯುತ್ತಲೇ ಕುಣಿಗೆ ಇಳಿಯುತ್ತಿದ್ದ, ಕಿಟಕಿ ತೆರೆಯುವ ಹೊತ್ತೇ ಉಳಿದಿರಲಿಲ್ಲ. ಒಳಗೆ ಸುಗ್ರಾಬಿಯ ಶಗಡಿ ಹೊರಸಿನ ಕೆಳಗೆ ಬಂದು ಕೂತಿತ್ತು. ಗೌಸಬಿ ಅದನ್ನು ಅಂಗಳಕ್ಕೆ ಒಯ್ದು ಇಡುವಳು, ಸುಗ್ರಾಬಿ ಮತ್ತೆ ಒಳಗೆ ತರುವಳು. ಇಬ್ಬರೂ ಮಾತಿಲ್ಲದೆ ಇದನ್ನು ಮಾಡುತ್ತಿದ್ದುದರಿಂದ ಶಮಶಾದಬಿಗೆ ಆ ಶಗಡಿ ತನ್ನಷ್ಟಕ್ಕೇ ನಡೆದಾಡುತ್ತಿದೆಯೋ ಎನ್ನಿಸುತ್ತಿತ್ತು.

ಒಂದು ಮುಂಜಾನೆ ಕೂಸಿನ ಎದೆಯೊಳಗೆ ಗೊರಗೊರ ಸದ್ದು ಹತ್ತಿತು. ಶಮಶಾದಬಿಗೆ ಆ ಸದ್ದಿನ ಗುರುತು ಇತ್ತು. ಗೌಸಬಿ ಕೂಸನ್ನು ಸುತ್ತಿಕೊಂಡು, ಮಗ ದಾದಾಪೀರನನ್ನು ಕರೆದುಕೊಂಡು ದವಾಖಾನೆಗೆ ಹೋದಳು. ಔಷಧ ಬಂತು. ಬೆಚ್ಚಗಿಡಿರಿ, ಹೊಗೆ ತಾಗಿಸಬೇಡಿರಿ ಎಂದು ಡಾಕ್ಟರು ಹೇಳಿದ್ದರು. ಆ ಎರಡು ಮಾತುಗಳನ್ನು ಇಬ್ಬರು ಅಜ್ಜಿಯರು ಪಾಲು ಹಂಚಿಕೊಂಡರು. ಸುಗ್ರಾಬಿ ಬೆಚ್ಚಗಿಡಬೇಕೆಂದು ಕದ ಮುಚ್ಚಿದಳು. ಗೌಸಬಿ ಹೊಗೆ ಬೇಡವೆಂದು ಮಗ್ಗದ ಕೋಣೆಯ ಕಿಟಕಿಯ ಅಗಳಿಗೆ ಕೈ ಹಾಕಿದಳು.

ನಜೀರಸಾಬ ಲಾಳಿ ನಿಲ್ಲಿಸಿದ. ಈ ಗಾಳಿಗೆ ಹಾಸು ಉಳಿಯುವುದಿಲ್ಲ, ಕೊಟ್ಟ ಮಾತಿಗೆ ಸೀರೆ ಆಗುವುದಿಲ್ಲ ಎಂದ. ಆತ ಕೆಟ್ಟವನಲ್ಲ, ನೇಕಾರನಿಗೆ ಎಳೆ ಹರಿದರೆ ಮೈಯ ನರ ಹರಿದಂತೆ. ಗೌಸಬಿ ದನಿ ಏರಿಸಲಿಲ್ಲ.

"ಹರದ ಎಳಿಗೆ ನಾ ಗಂಟ ಹಾಕತೀನ್ರಿ. ಉಸರು ಹರದರ ಗಂಟ ಹಾಕಾಕ ಬರೂದಿಲ್ಲ."

ಆತ ಕಿಟಕಿಯಿಂದ ಮುಖ ತಿರುಗಿಸಿ ಮತ್ತೆ ಲಾಳಿ ಹಿಡಿದ. ಸುಗ್ರಾಬಿ ಮಾತ್ರ ಒಪ್ಪಲಿಲ್ಲ. ಇದು ಮನೆಯಲ್ಲ, ಬಯಲು. ನನ್ನ ಮಗಳನ್ನೂ ಕೂಸನ್ನೂ ಇವತ್ತೇ ಲಕ್ಷ್ಮೇಶ್ವರಕ್ಕೆ ಕರೆದೊಯ್ಯುತ್ತೇನೆ ಎಂದು ಗಂಟು ಕಟ್ಟತೊಡಗಿದಳು. ನೀನೇ ಹೇಳು ಎಂದು ಮಗಳ ಕಡೆ ತಿರುಗಿದಳು. ಶಮಶಾದಬಿ ಅತ್ತೆಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಮುಚ್ಚು ಎಂದರೆ ಈ ಕೂಸೂ ಕೈಬಿಟ್ಟು ಹೋದೀತು. ತೆರೆ ಎಂದರೆ, ಹೋದ ಕೂಸನ್ನು ಕಳೆದವಳು ನೀನೇ ಎಂದು ಹಡೆದವ್ವನ ಮುಖಕ್ಕೇ ಹೇಳಿದಂತೆ. ಆ ಒಂದು ಗಳಿಗೆ ತನ್ನ ಉಸಿರೂ ನಿಂತಿತ್ತೆಂದು ಎಷ್ಟೋ ವರುಷದ ಮೇಲೆ, ಅಕ್ಕಿ ಆರಿಸುತ್ತ, ಆಕೆ ನನ್ನ ಮುಂದೆ ಹೇಳಿದಳು.

ಗೌಸಬಿ ಸೊಸೆಯ ಮುಖ ನೋಡಿದಳು. ಒಂದು ನೋಟ, ಅಷ್ಟೇ. ಮೈಮೇಲಿನ ಕೋಟು ಬಿಚ್ಚಿದಳು. ನಮಾಜಿಗೂ ಮಲಗುವುದಕ್ಕೂ ಹೊರತು ಚಳಿಗಾಲದಲ್ಲಿ ಆಕೆ ಅದನ್ನು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಸುಗ್ರಾಬಿಯ ಹೆಗಲಿಗೆ ಅದನ್ನು ಹೊದಿಸಿ, ಕೂಸನ್ನು ಎತ್ತಿ, ಆ ಕೋಟಿನೊಳಗೆ ಬೀಗತಿಯ ಎದೆಗೆ ಹಚ್ಚಿ ಗುಂಡಿ ಹಾಕಿದಳು.

"ಬೆಚ್ಚಗಿಡ್ರಿ ಅಂದಾರ ಡಾಕ್ಟರು, ಅದು ನಿನ್ನ ಕೆಲಸ. ನಿನ್ನ ಎದಿ ಮುಂದ ಶಗಡಿ ಏನು ಮಾಡೀತು, ಬೀಗತಿ? ಹೊಗಿ ಬ್ಯಾಡ ಅಂದಾರ, ಅದು ನನ್ನ ಕೆಲಸ. ಹುಡಿಗೀನ್ನ ಏನೂ ಕೇಳಬ್ಯಾಡ. ತಪ್ಪಾದರ ಈ ಗೌಸಬಿ ಹಟಮಾರಿ, ಆಕಿನ ಮಾಡಿದ್ಲು ಅಂತ ಲಕ್ಷ್ಮೇಶ್ವರದ ಸಂತ್ಯಾಗ ನಿಂತು ಸಾರು."

ಸುಗ್ರಾಬಿಯ ಕೈ ಕೋಟಿನ ಮೇಲಿಂದಲೇ ಕೂಸಿನ ಬೆನ್ನಿಗೆ ಹೋಯಿತು. ಎದೆಗೆ ಕೂಸು ತಾಗಿದ ಮೇಲೆ ಯಾವ ಹೆಂಗಸು ಗಂಟು ಕಟ್ಟಿಯಾಳು? ಶಗಡಿ ಅಂಗಳಕ್ಕೆ ಹೋಯಿತು. ಕಿಟಕಿ ತೆರೆಯಿತು. ಮೂಡಣದ ಗಾಳಿ ಒಳಗೆ ಬಂತು, ಬರುತ್ತಲೇ ಮಗ್ಗದ ಮೇಲೆ ಎಳೆ ಹರಿಯತೊಡಗಿತು.

ಕೋಟಿಲ್ಲದ ಗೌಸಬಿ ಆ ತೆರೆದ ಕಿಟಕಿಗೆ ಬೆನ್ನು ಕೊಟ್ಟು ಮಗ್ಗದ ಪಕ್ಕ ಕೂತಳು. ಎಳೆ ಹರಿದಾಗಲೆಲ್ಲ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಗಂಟು ಹಾಕಿದಳು. ಒಂದು ಗಂಟು ಮುಗಿಯುವಷ್ಟರಲ್ಲಿ ಇನ್ನೆರಡು ಕಾಯುತ್ತಿದ್ದವು. ನಡುವೆ ಎದ್ದು ಕಸ ಗುಡಿಸುವಳು, ಅಜಿವಾನ ಹಾಕಿ ನೀರು ಕಾಸುವಳು, ಕೂಸಿನ ಅರಿವೆ ಕುದಿಸಿ ಬಿಸಿಲಿಗೆ ಹರವುವಳು, ಕೈ ಒರೆಸಿಕೊಂಡು ಮತ್ತೆ ಬಂದು ಕೂರುವಳು. ಬೆರಳ ತುದಿ ಒಡೆದು ನೂಲಿಗೆ ಕೆಂಪು ತಾಗೀತೆಂದು ತೆಳು ಅರಿವೆಯ ಚೂರು ಸುತ್ತಿಕೊಂಡಳು. ಗಂಡ ಹೆಂಡತಿ, ಆತ ನೇಯುತ್ತ ಈಕೆ ಬೆಸೆಯುತ್ತ, ಆ ಚಳಿಯನ್ನು ಕಳೆದರು. ಒಳಗೆ ಗೊರಗೊರ ಮೊದಲು ತೆಳುವಾಯಿತು, ಆಮೇಲೆ ಬಿಟ್ಟುಬಿಟ್ಟು ಬಂತು, ಒಂದು ದಿನ ಕೂಸು ಸೀನಿ, ಅತ್ತು, ಗಬಗಬ ಹಾಲು ಕುಡಿಯಿತು. ಸೀರೆ ಮುಹೂರ್ತಕ್ಕೆ ಮುಟ್ಟಿತು. ಅದರ ಹಿಂಬದಿಗೆ ಕೈಯಾಡಿಸಿದರೆ ಗಂಟುಗಳು ಸಾಸಿವೆಯಂತೆ ಬೆರಳಿಗೆ ಹತ್ತುತ್ತಿದ್ದವಂತೆ.

ಕೂಸು ಬದುಕಿದ್ದು ತನ್ನ ಎದೆಯ ಕಾವಿನಿಂದ ಎಂದು ಸುಗ್ರಾಬಿ ಊರೆಲ್ಲ ಹೇಳಿದಳು. ಯಾರಾದರೂ ಗೌಸಬಿಯನ್ನು ಕೇಳಿದರೆ, ಖರೆ ಐತಿ, ಬೀಗತಿ ಇರದಿದ್ದರೆ ಕೂಸು ಇರುತ್ತಿರಲಿಲ್ಲ ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಬಂದ ರೋಗವನ್ನು ಓಡಿಸಿದವರಿಗೆ ಊರು ಕೈಮುಗಿಯುತ್ತದೆ. ರೋಗ ಹೊಸ್ತಿಲು ದಾಟದಂತೆ ದಿನದಿನವೂ ಕಾದವರಿಗೆ ಹೇಳಿಕೊಳ್ಳಲು ಒಂದು ಕಥೆಯೂ ಇರುವುದಿಲ್ಲ. ಅವರ ಮನೆಯ ಮಕ್ಕಳು ದೊಡ್ಡವರಾಗುತ್ತಾರೆ, ಅಷ್ಟೇ. ಇಂಥವರ ಹಟ ಕಣ್ಣಿಗೆ ಕಾಣುತ್ತದೆ, ಆ ಹಟದೊಳಗೆ ಅವರು ಎಷ್ಟು ಜನರನ್ನು ಹೊದಿಸಿ ಬೆಚ್ಚಗಿಟ್ಟಿರುತ್ತಾರೆಂಬುದು ಕಾಣುವುದಿಲ್ಲ. ಒಮ್ಮೆ ಇದನ್ನೇ ನನಗೆ ಬಂದ ಮಾತಿನಲ್ಲಿ ಗೌಸಬಿಗೆ ಹೇಳಹೋದೆ. ಆಕೆ ಬಚ್ಚಲಕಲ್ಲಿನ ಮೇಲೆ ಒಗೆದಿಟ್ಟಿದ್ದ ಚಾದರದ ಒಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದಳು. ಅತ್ತೆ ಬಲಕ್ಕೆ ತಿರುವಿದಳು, ಸೊಸೆ ಎಡಕ್ಕೆ. ನೀರು ಧಾರೆಯಾಗಿ ಬಿತ್ತು, ಹನಿಯಾಗಿ ಬಿತ್ತು, ಆಮೇಲೆ ನಿಂತಿತು. "ಮೊದಲ ಇದು ಬಿಸಲಿಗೆ ಹೋಗ್ಲಿ, ಮಾತು ಆಮ್ಯಾಲ," ಎಂದಳು ಗೌಸಬಿ.